ಹುಳು ಮನೇಲಿ ನೋಡಿದ ವರ್ಲ್ಡ್ ಕಪ್ ಫೈನಲ್

2022 ಡಿಸೆಂಬರ್ 18, ಭಾನುವಾರ. ಅರ್ಜೆಂಟೀನಾ-ಫ್ರಾನ್ಸ್ ಫುಟ್‌ಬಾಲ್ ಫೈನಲ್ಲು, ಕತಾರ್‌ನ ಲುಸೈಲ್ ಸ್ಟೇಡಿಯಂ, ನಮ್ ಟೈಮು ರಾತ್ರಿ ಎಂಟೂವರೆ. ಶಿಡ್ಲಘಟ್ಟದಲ್ಲಿ ಹುಡುಗ್ರು ಪ್ರೊಜೆಕ್ಟರ್ ಬಾಡಿಗೆಗೆ ತಂದು ಗೋಡೆ ಮೇಲೆ ಹಾಕ್ತೀವಿ ಬಾರೋ ಅಂತ ಸಂಜೆಯಿಂದ ಒಂದೇ ಸಮ ಫೋನು. ಎಲ್ಲಿಗೆ ಹೋಗ್ಲಿ, ಮನೇಲಿ ರೇಷ್ಮೆ ಹುಳು ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚೋದು) ಎದ್ದು ಹಿಪ್ಪುನೇರಳೆ ಸೊಪ್ಪು ಹಾಕಿದಷ್ಟೂ ತಿಂತಿದ್ವು. ರೇಷ್ಮೆ ಮಾಡೋರಿಗೆ ಇಷ್ಟು ಹೇಳಿದ್ರೆ ಸಾಕು, ಗೊತ್ತಿಲ್ದೋರಿಗೆ ಹೇಳ್ತೀನಿ, ಹುಳು ಹುಟ್ಟಿದಾಗಿಂದ ತಿನ್ನೋ ಸೊಪ್ಪಲ್ಲಿ ಮುಕ್ಕಾಲಿಗಿಂತ ಜಾಸ್ತಿ ಈ ಕೊನೇ ವಾರದಲ್ಲೇ ತಿನ್ನುತ್ತೆ, ಈಗ ಹೊಟ್ಟೆಗೆ ಕಮ್ಮಿ ಆದ್ರೆ ಗೂಡಿನ ತೂಕ ಹೋಯ್ತು ಅಂತಾನೇ. ಅಪ್ಪಂಗೆ ವರ್ಲ್ಡ್ ಕಪ್ ಅಂದ್ರೆ ಕ್ರಿಕೆಟ್ಟು, ಅದೂ ಕಪಿಲ್ ದೇವ್ ಕಾಲದ್ದು.

ಹಂಗಾಗಿ ಫೋನ್ ತಗೊಂಡೋಗಿ ಹುಳು ಮನೇಲಿ, ಹುಳು ಸಾಕೋ ಸ್ಟ್ಯಾಂಡಿನ ಕಂಬಕ್ಕೆ ದಾರದಲ್ಲಿ ಕಟ್ಟಿದೆ. ಚಳಿಗೆ ಕಿಟಕಿ ಎಲ್ಲಾ ಮುಚ್ಚಿ, ಹೀಟರ್ ಹಾಕಿ, ಒಳಗೆ ಹುಳು ಸೊಪ್ಪು ತಿನ್ನೋ ಸದ್ದು, ಹೆಂಚಿನ ಮೇಲೆ ಜಡಿಮಳೆ ಬಿದ್ದಂಗೆ, ಅದರ ಮಧ್ಯೆ ಕಾಮೆಂಟ್ರಿ.

ಇಲ್ಲೊಂದು ಪೀಕಲಾಟ ಇತ್ತು. ಪಕ್ಕದ್ಮನೇಲಿ ಡಿಶ್ಶು. ನನ್ ಫೋನಲ್ಲಿ ಬರೋದು ಅವ್ರ ಟಿವಿಗಿಂತ ಅರ್ಧ ನಿಮಿಷ ಹಿಂದೆ. ಅಲ್ಲಿ ಅಣ್ಣ-ತಮ್ಮ ಇಬ್ರೂ ನೋಡ್ತಿದ್ರು, ಅಣ್ಣ ಮೆಸ್ಸಿ ಪಾರ್ಟಿ, ತಮ್ಮ ಅಣ್ಣಂಗೆ ಉರಿಸ್ಬೇಕು ಅಂತಾನೇ ಫ್ರಾನ್ಸು. ಯಾರು ಕಿರುಚಿದ್ರು ಅಂತ ಕೇಳಿಸ್ಕೊಂಡ್ರೆ ಸಾಕು, ಗೋಲು ಯಾರ್ದು ಅಂತ ನಂಗೆ ಮೊದಲೇ ಗೊತ್ತಾಗೋದು. 23ನೇ ನಿಮಿಷ ಮೆಸ್ಸಿ ಪೆನಾಲ್ಟಿ, ಅಣ್ಣ ಕಿರುಚಿದ. 36ಕ್ಕೆ ಡಿ ಮರಿಯಾ, ಮತ್ತೆ ಅಣ್ಣನೇ. ಮೆಸ್ಸಿಯಿಂದ ಆಲ್ವರೆಜ್, ಆಲ್ವರೆಜ್‌ನಿಂದ ಮ್ಯಾಕ್ ಅಲಿಸ್ಟರ್, ಅವನಿಂದ ಡಿ ಮರಿಯಾ, ಎಲ್ಲಾ ಒಂದೊಂದೇ ಟಚ್ಚು, ಮೊದಲೇ ಗೊತ್ತಾಗಿ ನೋಡಿದ್ರೂ ಮೈ ಜುಂ ಅಂತು. ಆ ಫೈನಲ್‌ನ ಆರು ಗೋಲಲ್ಲಿ ನಂಗೆ ಇವತ್ತಿಗೂ ಅದೇ ಮೇಲು. ಫ್ರಾನ್ಸ್ ಕೋಚ್ ದೆಶಾಂಪ್ಸ್ ಎಷ್ಟು ತಲೆ ಕೆಡಿಸ್ಕೊಂಡಿದ್ದ ಅಂದ್ರೆ ಹಾಫ್ ಟೈಮ್‌ಗೂ ಕಾಯದೆ ಜಿರೂನ, ಡೆಂಬೆಲೆನ ಇಬ್ರನ್ನೂ ಆಚೆ ಕರ್ಕೊಂಡ್ಬಿಟ್ಟ.

64ನೇ ನಿಮಿಷ ಡಿ ಮರಿಯಾನ ತೆಗೆದ್ರು. ಯಾಕಪ್ಪಾ ಅಂತ ನಾನು ಹುಳುಗಳ ಹತ್ರಾನೇ ಕೇಳಿದೆ. ಆಮೇಲೆ ಆಗಿದ್ದೆಲ್ಲಾ ಅಲ್ಲಿಂದಾನೇ ಶುರು ಅನ್ನೋದು ನನ್ ವಾದ.

ಹತ್ತು ಗಂಟೆಗೆ ಅಪ್ಪ ಸೊಪ್ಪಿನ ಹೊರೆ ತಂದು ಬಾಗಿಲಲ್ಲಿ ಇಳಿಸಿದ್ರು, ಕಡ್ಡಿ ಸಮೇತ ಹರಡ್ಕೊಂಡು ಹೋಗ್ಬೇಕು, ಕೈ ಎರಡೂ ಬಿಜಿ. ಅಷ್ಟೊತ್ತಿಗೆ ತಮ್ಮ ಕಿರುಚಿದ. ಹೊರೆ ಇಟ್ಟು ಫೋನ್ ಹತ್ರ ಬಂದು ಎಂಬಾಪೆ ಪೆನಾಲ್ಟಿ ಹಾಕಿದ್ದು ನೋಡಿ ಇನ್ನೂ ಸುಧಾರಿಸ್ಕೊಂಡಿಲ್ಲ, ಆ ಕಡೆ ತಮ್ಮ ಇನ್ನೊಂದ್ಸಲ ಕಿರುಚ್ಬಿಟ್ಟ! ಒಂದೇ ಗೋಲಿಗೆ ಎಷ್ಟ್ ಸಲ ಕೂಗ್ತಾನಪ್ಪ ಇವ್ನು ಅನ್ಕೊಂಡೆ, ಅದು ಎರಡನೇ ಗೋಲು. 80ಕ್ಕೊಂದು, 81ಕ್ಕೊಂದು. "ಫೋನ್ ನೋಡ್ಕೊಂಡು ಸೊಪ್ಪು ತುಳೀಬೇಡ್ವೋ" ಅಂತ ಅಪ್ಪ.

ಎಕ್ಸ್‌ಟ್ರಾ ಟೈಮಲ್ಲಿ ಮೆಸ್ಸಿ ಇನ್ನೊಂದು ಹೊಡೆದ, 118ಕ್ಕೆ ಎಂಬಾಪೆ ಪೆನಾಲ್ಟಿ ಹಾಕಿ 3-3. ಇನ್ನೇನು ಮುಗೀತು ಅನ್ನೋವಾಗ ಅಣ್ಣ ತಮ್ಮ ಇಬ್ರೂ ಒಟ್ಟಿಗೆ "ಅಯ್ಯೋ" ಅಂದ್ರು. ಅಲ್ಲೀವರೆಗೂ ಒಬ್ಬ ಕೂಗಿದ್ರೆ ಒಬ್ಬ ಸುಮ್ನಿರೋನು, ಈಗ ಇಬ್ರೂ. ಯಾವ ಕಡೆ ಅಂತ ಲೆಕ್ಕ ಹಾಕ್ಲಿ? ಫೋನಲ್ಲಿ ಇನ್ನೂ ಬಾಲು ನಡುವಲ್ಲಿದೆ. ಆ ಅರ್ಧ ನಿಮಿಷ ಕೈಲಿ ಹಿಪ್ಪುನೇರಳೆ ಕಡ್ಡಿ ಹಿಡ್ಕೊಂಡು ಉಸಿರು ಬಿಡದೆ ನಿಂತಿದೀನಿ. ಫ್ರಾನ್ಸಿನ ಕೊಲೋ ಮುವಾನಿ ಒಬ್ಬನೇ, ಮುಂದೆ ಅರ್ಜೆಂಟೀನಾ ಗೋಲ್‌ಕೀಪರ್ ಮಾರ್ಟಿನೆಜ್ ಒಬ್ಬನೇ, ಹೊಡೆದ, ಮಾರ್ಟಿನೆಜ್ ಎಡಗಾಲು ಚಾಚಿದ, ಬಾಲು ಕಾಲಿಗೆ ಬಡಿದು ಆಚೆ. ಕಪ್ ಗೆದ್ದಿದ್ದು ಆ ಕಾಲಲ್ಲಿ, ಒಬ್ಬೊಬ್ರೇ ಪೆನಾಲ್ಟಿ ಹೊಡೆಯೋ ಶೂಟೌಟು ಆಮೇಲಿನ ಮಾತು.

ಶೂಟೌಟ್ ಮಾತ್ರ ಫೋನಲ್ಲಿ ನೋಡೋಕೆ ನನ್ ಕೈಲಾಗ್ಲಿಲ್ಲ. ಸೊಪ್ಪು ಮುಗ್ಸಿ ಪಕ್ಕದ್ಮನೆಗೆ ಓಡಿದೆ, ಹಿಂದೇನೇ ಅಮ್ಮನೂ ಬಂದ್ರು, ಏನಾಗ್ತಿದೆ ನೋಡೋಣ ಅಂತ. ಫ್ರಾನ್ಸಿನ ಕೊಮಾನ್‌ದು ಮಾರ್ಟಿನೆಜ್ ತಡೆದ, ಚುವಾಮೆನಿ ಆಚೆ ಹೊಡೆದ, ಕೊನೇಗೆ ಅರ್ಜೆಂಟೀನಾದ ಮೊಂಟಿಯೆಲ್ ಹಾಕಿದ, 4-2. ಅಣ್ಣ ದೀಪಾವಳೀಲಿ ಉಳಿದಿದ್ದ ಸರಪಟಾಕಿ ತಗೊಂಡು ಅಂಗಳಕ್ಕೆ ಬಂದ. ನಮ್ಮಪ್ಪ ಹುಳು ಮನೆ ಬಾಗಿಲಲ್ಲೇ ನಿಂತು "ಲೇ, ಹೊಗೆಗೆ ಹುಳ ಕೆಟ್ರೆ ನಿಮ್ ಮೆಸ್ಸಿ ಬಂದು ದುಡ್ಡು ಕೊಡ್ತಾನೇನ್ರೋ" ಅಂದ್ರು. ಪಟಾಕಿ ಕೆರೆಕಟ್ಟೆಗೆ ಹೋಯ್ತು.

ಟಿವೀಲಿ ಮೆಸ್ಸಿಗೆ ಅರಬ್ಬರ ಕರಿ ನಿಲುವಂಗಿ ತೊಡಿಸ್ತಿದ್ರು. "ಅಲ್ಲೂ ಶಾಲು ಹೊದಿಸ್ತಾರಾ, ಹಾರ ಎಲ್ಲಿ?" ಅಂತ ಅಮ್ಮ. ತಮ್ಮ ಮೂಲೇಲಿ ಮುಖ ಊದಿಸ್ಕೊಂಡು ಕೂತಿದ್ದ. 1966ರ ಜೆಫ್ ಹರ್ಸ್ಟ್ ಆದ್ಮೇಲೆ ಗಂಡಸರ ಫೈನಲ್ಲಲ್ಲಿ ಹ್ಯಾಟ್ರಿಕ್ ಹೊಡೆದಿರೋನು ಎಂಬಾಪೆ ಒಬ್ನೇ ಗೊತ್ತಾ ಅಂತ ನಮ್ಮ ಮೇಲೆ ರೇಗ್ದ. ಅಮ್ಮ ಅವನ ಕಡೆ ತಿರುಗಿ, "ಮೂರು ಹಾಕಿದೋನು ಸೋತು, ಎರಡು ಹಾಕಿದೋನು ಗೆದ್ನಾ? ಇದ್ಯಾವ ನ್ಯಾಯಾನಪ್ಪ" ಅಂದ್ರು. ಆ ಮನೇಲಿ ಆ ರಾತ್ರಿ ಫ್ರಾನ್ಸಿಗೆ ಸಿಕ್ಕ ಎರಡನೇ ಓಟು ಅದು.