ದೊಡ್ಡಪ್ಪನ ಪುಸ್ತಕಪಟ್ಟಿ ಝೊಟೆರೊಗೆ: ಮೂರನೇ ವಾರ

ಕುಂಜಿಬೆಟ್ಟಿನ ದೊಡ್ಡಪ್ಪನ ಮನೆಯಲ್ಲಿ ನಾಲ್ಕು ಕಪಾಟು ತುಂಬ ಪುಸ್ತಕ. ಯಕ್ಷಗಾನ ಪ್ರಸಂಗಗಳು, ತುಳು, ಜಾನಪದ, ಹಳೆಯ ವಿಶೇಷಾಂಕಗಳು. ಪಟ್ಟಿ ಮಾತ್ರ ಒಂದು ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ. ಕಳೆದ ರಜೆಯಲ್ಲಿ ತಂಗಿ ಅದನ್ನೆಲ್ಲ ಎಕ್ಸೆಲ್‌ಗೆ ಟೈಪ್ ಮಾಡಿಕೊಟ್ಟಳು, 612 ಸಾಲು. ಅದನ್ನು ಝೊಟೆರೊ ಎಂಬ, ಪುಸ್ತಕಗಳ ವಿವರ ಜೋಡಿಸಿಡುವ ಸಾಫ್ಟ್‌ವೇರಿಗೆ ಹಾಕುವುದು ನನ್ನ ಪಾಲಿಗೆ ಬಂತು. ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ.

ಮೊದಲ ವಾರ ಹೋದದ್ದು ಸಿಎಸ್‌ವಿಯಲ್ಲಿ, ಅಂದರೆ ಕಾಲಮ್ಮುಗಳನ್ನು ಕೋಮಾದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲಿನಲ್ಲಿ. ಎಕ್ಸೆಲ್‌ನಲ್ಲಿ ಸುಮ್ನೆ ಸಿಎಸ್‌ವಿ ಅಂತ ಸೇವ್ ಮಾಡಿ ತೆರೆದರೆ ಕನ್ನಡ ಪೂರ್ತಿ ಪ್ರಶ್ನಾರ್ಥಕ ಚಿಹ್ನೆ. 'ಸಿಎಸ್‌ವಿ ಯುಟಿಎಫ್-8' ಎಂಬ ಬೇರೆ ಆಯ್ಕೆ ಉಂಟು, ಅದರಲ್ಲಿ ಕನ್ನಡ ಉಳಿಯಿತು. ಪುಸ್ತಕದ ಗುರುತಿನ ನಂಬರು ಐಎಸ್‌ಬಿಎನ್ ಉಳಿಯಲಿಲ್ಲ. 13 ಅಂಕಿಯ ನಂಬರು ಅರ್ಧಕ್ಕೆ ಮೊಟಕಾಗಿ ಹಿಂದೆಲ್ಲ ಸೊನ್ನೆ. ಆ ಕಾಲಮ್ಮನ್ನು ಮೊದಲೇ 'ಟೆಕ್ಸ್ಟ್' ಮಾಡಿಡಬೇಕಿತ್ತು. ಇಷ್ಟೆಲ್ಲ ಸರಿಮಾಡಿದ ಮೇಲೆ ಗೊತ್ತಾದದ್ದು, ಝೊಟೆರೊ ಸಿಎಸ್‌ವಿಯನ್ನು ಹೊರಗೆ ಕೊಡುತ್ತದೆ, ಒಳಗೆ ತೆಗೆದುಕೊಳ್ಳುವುದಿಲ್ಲ ಅಂತ!

ಅದು ತೆಗೆದುಕೊಳ್ಳುವುದು ಆರ್‌ಐಎಸ್, ಬಿಬ್‌ಟೆಕ್ ಥರದ, ಪುಸ್ತಕಗಳ ವಿವರಕ್ಕೆಂದೇ ಇರುವ ಫೈಲು. ನಾನು ಆರ್‌ಐಎಸ್ ಹಿಡಿದೆ, ಕಣ್ಣಿಗೆ ಓದಲು ಬರುತ್ತದೆ ಎಂಬ ಕಾರಣಕ್ಕೆ. ಒಂದೊಂದು ಸಾಲಿಗೂ ಎರಡಕ್ಷರದ ಗುರುತು, ಆಮೇಲೆ ಎರಡು ಸ್ಪೇಸ್, ಒಂದು ಹೈಫನ್, ಮತ್ತೊಂದು ಸ್ಪೇಸ್, ಆಮೇಲೆ ವಿಷಯ. 'ಟಿವೈ'ಯಿಂದ ಶುರು, 'ಇಆರ್'ಗೆ ಮುಗಿಯಿತು. ನಡುವೆ 'ಎಯು' ಲೇಖಕರು, 'ಟಿಐ' ಹೆಸರು, 'ಪಿವೈ' ವರ್ಷ. ಇಬ್ಬರು ಲೇಖಕರಿದ್ದರೆ ಎರಡು 'ಎಯು' ಸಾಲು. ಸಂಪಾದಕರಿಗೆ 'ಇಡಿ'. ಇದಕ್ಕಾಗಿ ಒಂದು ಕಾಲಮ್ ಜಾಸ್ತಿ ಮಾಡಿದೆ, ಇಲ್ಲದಿದ್ದರೆ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟದ ತುಳು ನಿಘಂಟಿಗೆ ಯು.ಪಿ. ಉಪಾಧ್ಯಾಯರು 'ಲೇಖಕ'ರಾಗುತ್ತಿದ್ದರು. 'ಸಿಎನ್' ಗುರುತಿಗೆ ಕಪಾಟಿನ ನಂಬರು ಹಾಕಿದೆ. ದೊಡ್ಡಪ್ಪನಿಗೆ ನಿಜಕ್ಕೂ ಬೇಕಾದದ್ದು ಅದೊಂದೇ.

ಶೀಟಿನ ಕೊನೆಯಲ್ಲಿ ಒಂದು ಫಾರ್ಮುಲಾ ಬರೆದು ಎಲ್ಲ ಕಾಲಮ್ಮುಗಳನ್ನು ಜೋಡಿಸಿದೆ. ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ಇಂಪೋರ್ಟ್ ಕೊಟ್ಟರೆ ಒಂದೂ ಬರಲಿಲ್ಲ. ಅರ್ಧ ಗಂಟೆ ಮಂಡೆಬಿಸಿ. ಒಂದೇ ಸೆಲ್ಲಿನಲ್ಲಿ ಹಲವು ಸಾಲಿದ್ದರೆ ಕಾಪಿ ಮಾಡುವಾಗ ಎಕ್ಸೆಲ್ ಅದರ ಸುತ್ತ ಉದ್ಧರಣ ಚಿಹ್ನೆ ಹಾಕುತ್ತದೆ. 'ಟಿವೈ'ಯ ಮುಂದೆ ಆ ಚಿಹ್ನೆ ಕೂತಿತ್ತು, ಅಷ್ಟೇ. ಹುಡುಕಿ ತೆಗೆದುಹಾಕಿದೆ, ಬಂತು. ಈಗ ಒಂದೇ ಪುಸ್ತಕವನ್ನು ಕಾಪಿ ಮಾಡಿ 'ಕ್ಲಿಪ್‌ಬೋರ್ಡ್‌ನಿಂದ ಇಂಪೋರ್ಟ್' ಕೊಟ್ಟು ಮೊದಲು ನೋಡುತ್ತೇನೆ. ನನ್ನ ಪರೀಕ್ಷೆಯ ಪುಸ್ತಕ ಕಿಟ್ಟೆಲ್ ನಿಘಂಟು, 1894, ಮಂಗಳೂರು. ಹನ್ನೊಂದು ಸಲ ಒಳಗೆ ಬಂದು ಹನ್ನೊಂದು ಸಲ ಕಸದ ಬುಟ್ಟಿಗೆ ಹೋಗಿದೆ ಪಾಪ.

612 ಸಾಲೂ ಬಂದ ದಿನ ದೊಡ್ಡಪ್ಪನನ್ನು ಕರೆದು ಕೂರಿಸಿದೆ. ಕನ್ನಡಕ ಏರಿಸಿ ಪಟ್ಟಿ ನೋಡಿದರು. "ಸೇಡಿಯಾಪು ಎಲ್ಲಿಗೆ ಹೋದರು ಮಾರಾಯ? ಸ-ದಲ್ಲಿ ಕಾಣುವುದಿಲ್ಲವಲ್ಲ."

ಸೇಡಿಯಾಪು ಕೃಷ್ಣ ಭಟ್ಟರು ಭ-ದಲ್ಲಿದ್ದರು. ನನ್ನ ಫಾರ್ಮುಲಾ ಕೊನೆಯ ಪದವನ್ನು ಮುಂದೆ ತಂದು ಕೋಮಾ ಹಾಕುತ್ತಿತ್ತು. ಕಿಟ್ಟೆಲ್, ಫರ್ಡಿನಾಂಡ್ ಅಂತ ಬಂದರೆ ಚಂದ. ಆದರೆ ಕಯ್ಯಾರ ಕಿಞ್ಞಣ್ಣ ರೈ 'ರೈ' ಆಗಿದ್ದರು. ಒಬ್ಬರನ್ನೂ ಅವರನ್ನು ಕರೆಯುವ ಹೆಸರಲ್ಲಿ ಹುಡುಕುವ ಹಾಗಿರಲಿಲ್ಲ. "ಭಟ್ಟ ಅಂತ ಹುಡುಕಿದರೆ ಊರಲ್ಲಿ ಎಷ್ಟು ಭಟ್ರಿಲ್ಲ?" ಅಂದರು. ಹೌದಲ್ವಾ. ನಮ್ಮಲ್ಲಿ ಮನೆಯ, ಊರಿನ ಹೆಸರೇ ಗುರುತು, ಅದು ಮೊದಲೇ ಬರುತ್ತದೆ.

ಪರಿಹಾರ ಸುಲಭದ್ದೇ. ಕೋಮಾ ಇಲ್ಲದೆ ಬರೆದರೆ ಝೊಟೆರೊ ಇಡೀ ಹೆಸರನ್ನು ಒಂದೇ ಖಾನೆಯಲ್ಲಿ ಇಡುತ್ತದೆ. ವಿದೇಶಿ ಹೆಸರುಗಳಿಗೆ ಮಾತ್ರ ಕೋಮಾ ಉಳಿಸಿಕೊಂಡೆ. ಕಾರಂತರ ವಿಷಯದಲ್ಲಿ ಅರ್ಧ ದಿನ ಚರ್ಚೆ ಆಯಿತು. ನೋಟ್‌ಬುಕ್ಕಿನಲ್ಲಿ ಕೆ. ಶಿವರಾಮ ಕಾರಂತ, ಶಿವರಾಮ ಕಾರಂತ, ಕೋಟ ಶಿವರಾಮ ಕಾರಂತ, ಮೂರೂ ಇದ್ದವು. ದೊಡ್ಡಪ್ಪನ ತೀರ್ಪು: "ಕಾರಂತರನ್ನು ಕ-ದಲ್ಲೇ ಇಡು, ಎಲ್ಲರೂ ಅಲ್ಲೇ ಹುಡುಕುವುದು." ಅವರಿಗೆ ಕೋಮಾ ಬಂತು. ನಿಯಮ ಅಲ್ಲಿಗೆ ಮುರಿಯಿತು, ಇರಲಿ.

ಹಳೆಯ ಇಂಪೋರ್ಟ್ ಅಳಿಸುವಾಗ ಇನ್ನೊಂದು ಪೆಟ್ಟು. ಫೋಲ್ಡರ್ ಅಳಿಸಿದೆ, ಪುಸ್ತಕಗಳು ಲೈಬ್ರರಿಯಲ್ಲೇ ಉಳಿದಿದ್ದವು. ಎರಡನೇ ಸಲ ತಂದಾಗ ಒಟ್ಟು 1224! ರೈಟ್ ಕ್ಲಿಕ್ ಮಾಡಿದರೆ ಐಟಂಗಳ ಸಮೇತ ಅಳಿಸುವ ಆಯ್ಕೆ ಕೆಳಗೇ ಇದೆ, ಅದನ್ನು ಒತ್ತಬೇಕು.

ಬಾಕಿ ಇರುವುದು 73 ಸಾಲು. ಅದು ಪೂರ್ತಿ ನನ್ನದೇ ತಪ್ಪು. ನೋಟ್‌ಬುಕ್ಕಿನಲ್ಲಿ ಒಂದೇ ಪ್ರಕಾಶಕರು ಸಾಲಾಗಿ ಬಂದರೆ ದೊಡ್ಡಪ್ಪ ಕೆಳಗೆಲ್ಲ 'ಅದೇ' ಅಂತ ಬರೆದಿದ್ದರು. ತಂಗಿ ನಿಷ್ಠೆಯಿಂದ 'ಅದೇ' ಅಂತಲೇ ಟೈಪ್ ಮಾಡಿದ್ದಳು. ನಾನು ನೋಡದೆ ಪುಸ್ತಕದ ಹೆಸರಿನ ಪ್ರಕಾರ ಸಾರ್ಟ್ ಮಾಡಿ ಸೇವ್ ಮಾಡಿಬಿಟ್ಟೆ. ಈಗ ಯಾವ 'ಅದೇ' ಯಾವುದರದ್ದು ಅಂತ ದೇವರಿಗೇ ಗೊತ್ತು. ಪ್ರಸಂಗಗಳಲ್ಲಿ ಹೆಚ್ಚಿನವು ಉಡುಪಿಯ ಪಾವಂಜೆ ಗುರುರಾವ್ ಅಂಡ್ ಸನ್ಸ್ ಅವರದ್ದೇ ಇರಬಹುದು, ಆದರೆ ಊಹೆಯಲ್ಲಿ ತುಂಬಿಸಲು ಮನಸ್ಸಿಲ್ಲ. ನೋಟ್‌ಬುಕ್ ಪಕ್ಕದಲ್ಲಿಟ್ಟು ಒಂದೊಂದೇ ನೋಡಬೇಕು.

ನಿನ್ನೆ ಅದನ್ನು ತರಲು ಹೋದೆ. ಕೊಡಲಿಲ್ಲ, ಹೊಸ ಪುಸ್ತಕ ಬಂದಿದೆ, ಬರೆದು ಕೊಡುತ್ತೇನೆ ಅಂದರು. ಇಣುಕಿ ನೋಡಿದೆ. ಮೂರು ಹೊಸ ಸಾಲು. ಎರಡನೆಯದರಲ್ಲೂ ಮೂರನೆಯದರಲ್ಲೂ ಪ್ರಕಾಶಕರ ಜಾಗದಲ್ಲಿ 'ಅದೇ'.