ಮುರುಗಲು ಶರಬತ್ತಿನ ಬಣ್ಣ: ಐದನೆಯ ವಾರ

ಏಪ್ರಿಲ್ ನಡುವಿನಲ್ಲಿ ಒಂದು ಕಿಲೋ ಮುರುಗಲು ಸಿಪ್ಪೆಗೆ ಎರಡು ಕಿಲೋ ಸಕ್ಕರೆ ಬೆರೆಸಿ ಭರಣಿಯಲ್ಲಿಟ್ಟು, ಏಳನೆಯ ದಿನ ರಸ ಸೋಸಿದ್ದೆ. ಅದನ್ನೇ ನಾಲ್ಕು ಗಾಜಿನ ಬಾಟಲಿಗಳಿಗೆ ಹಂಚಿದೆ. ಒಂದು ಫ್ರಿಜ್ಜಿನಲ್ಲಿ, ಒಂದು ಕತ್ತಲೆಯ ಕಪಾಟಿನಲ್ಲಿ, ಒಂದು ಬಿಸಿಲು ಬೀಳುವ ಕಿಟಕಿಯಲ್ಲಿದೆ. ನಾಲ್ಕನೆಯದರ ರಸವನ್ನು ಹತ್ತು ನಿಮಿಷ ಕುದಿಸಿ ಕಪಾಟಿನಲ್ಲಿಯೇ ಇಟ್ಟಿದ್ದೇನೆ.

ಈ ಕೆಂಪೇ ನನಗೆ ಮುಖ್ಯ. ಆಂಥೋಸಯಾನಿನ್ ಎಂಬ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ವರ್ಣದ್ರವ್ಯಗಳಿಂದ ಬಂದದ್ದು ಅದು. ಮುರುಗಲಿನಲ್ಲಿ ಹೆಚ್ಚಾಗಿರುವುದು ಸಯಾನಿಡಿನ್ ಎಂಬ ಬಣ್ಣದ ಅಣುವಿಗೆ ಸಕ್ಕರೆ ಅಂಟಿಕೊಂಡ ಎರಡು ರೂಪಗಳು. ಬೆಳಕು, ಶಾಖ, ಗಾಳಿ ಮೂರೂ ಅವುಗಳ ವೈರಿಗಳು. ಬಣ್ಣ ಮಾಸಿತೆಂದರೆ ಆ ಅಂಶ ಕಡಿಮೆಯಾಗುತ್ತಿದೆ ಎಂದೇ ಲೆಕ್ಕ. ಪ್ರಯೋಗಾಲಯವಿಲ್ಲದವನಿಗೆ ಇದಕ್ಕಿಂತ ಒಳ್ಳೆಯ ಮಾಪಕ ಬೇರೆ ಇಲ್ಲ.

ಈ ವಾರ ಪ್ರತಿಯೊಂದರಿಂದ ಒಂದು ಚಮಚ ತೆಗೆದು ಒಂದೇ ಅಳತೆಯ ನೀರಿಗೆ ಹಾಕಿ, ಬಿಳಿ ಕಾಗದದ ಮುಂದೆ ಹಿಡಿದು ನೋಡಿದೆ. ಫ್ರಿಜ್ಜಿನದು ಮೊದಲ ದಿನದಷ್ಟೇ ಕಡುಗೆಂಪು. ಕಪಾಟಿನದು ಸ್ವಲ್ಪ ಮಂಕು, ಕುದಿಸಿದ್ದು ಅದಕ್ಕಿಂತ ಮಂಕು. ಕಿಟಕಿಯದಂತೂ ಹಳೆಯ ಹೆಂಚಿನ ಬಣ್ಣಕ್ಕೆ ತಿರುಗಿದೆ. ಚಿಟಿಕೆ ಅಡುಗೆ ಸೋಡಾ ಹಾಕಿದಾಗ ಫ್ರಿಜ್ಜಿನ ರಸ ಥಟ್ಟನೆ ನೇರಳೆಗಪ್ಪಾಯಿತು. ಹುಳಿ ಹೋಗಿ ಕ್ಷಾರವಾದರೆ ಆಂಥೋಸಯಾನಿನ್ ಹೀಗೆಯೇ ಬಣ್ಣ ಬದಲಿಸುತ್ತದೆ. ಕಿಟಕಿಯ ರಸ ಕಂದಾಗಿಯೇ ಉಳಿಯಿತು.

ಅಮ್ಮ ಭರಣಿಯನ್ನು ಬಿಸಿಲಿಗಿಡುತ್ತಿದ್ದರಲ್ಲ, ಅದು ತಪ್ಪೇ ಎಂದು ಎರಡು ದಿನ ಯೋಚಿಸಿದೆ. ಪಿಂಗಾಣಿಯ ಭರಣಿಯೊಳಗೆ ಬೆಳಕು ಹೋಗುವುದಿಲ್ಲ! ಸಕ್ಕರೆ ರಸವನ್ನು ಹೊರಗೆಳೆಯಲು ಬೇಕಾದ ಬಿಸುಪು ಮಾತ್ರ ಸಿಗುತ್ತದೆ. ಅಂಗಡಿಗಳಲ್ಲಿ ಪಾರದರ್ಶಕ ಬಾಟಲಿಗಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿರುವುದನ್ನು ಕಂಡರೆ ಈಗ ಸಂಕಟವಾಗುತ್ತದೆ.

ಆರೋಗ್ಯದ ಮಾತು ಬಂದರೆ ಎಚ್ಚರದಿಂದ ಬರೆಯಬೇಕು. ನಾವು ಕುಡಿದ ಆಂಥೋಸಯಾನಿನ್‌ನಲ್ಲಿ ಮೂಲರೂಪದಲ್ಲೇ ರಕ್ತ ಸೇರುವುದು ಅತ್ಯಲ್ಪ. ಪ್ರನಾಳದಲ್ಲಿ ಅಳೆದ ಉತ್ಕರ್ಷಣ ನಿರೋಧಕ ಶಕ್ತಿ ದೇಹದೊಳಗೂ ಹಾಗೆಯೇ ನಡೆಯುತ್ತದೆ ಎನ್ನಲಾಗದು. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಇಂತಹ ಅಂಕಿಗಳ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು. ಮುರುಗಲಿನ ಹೆಸರಿನೊಡನೆ ಸದಾ ಕೇಳಿಬರುವ ಗಾರ್ಸಿನಾಲ್ ಎಂಬ ಅಂಶ ಕೊಬ್ಬಿನಲ್ಲಿ ಕರಗುವಂಥದ್ದು, ನೀರಿನ ಶರಬತ್ತಿಗೆ ಅಷ್ಟಾಗಿ ಇಳಿಯುವುದಿಲ್ಲ. ಆದರೆ ಸಕ್ಕರೆ ಮಾತ್ರ ಪೂರ್ತಿ ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ಒಂದು ಲೋಟಕ್ಕೆ ಸುಮಾರು 20 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ, ದಿನವಿಡೀ ಬೆರೆಸಿಕೊಳ್ಳುವ ಸಕ್ಕರೆಯೆಲ್ಲ ಸೇರಿ, ಸುಮಾರು 50 ಗ್ರಾಂ. ಹಾಗಾಗಿ ಮನೆಯಲ್ಲಿ ಯಾರಿಗೂ ದಿನಕ್ಕೆ ಎರಡನೆಯ ಲೋಟ ಕೊಡುತ್ತಿಲ್ಲ.

ಇನ್ನು ಸಕ್ಕರೆಯಿಲ್ಲದ ದಾರಿ: ಒಣಸಿಪ್ಪೆ ನೆನೆಸಿ, ಉಪ್ಪು, ಜೀರಿಗೆ ಹಾಕಿ ಕುಡಿಯುವುದು. ನಿನ್ನೆ ಸಿಕ್ಕ ಕೊನೆಯ ಹಣ್ಣುಗಳ ಸಿಪ್ಪೆಯಲ್ಲಿ ಅರ್ಧವನ್ನು ಅಂಗಳದ ಬಿಸಿಲಿನಲ್ಲಿ, ಇನ್ನರ್ಧವನ್ನು ಅಟ್ಟದ ನೆರಳಿನಲ್ಲಿ ಹರಡಿದ್ದೇನೆ. ಸಂಜೆಯ ಹೊತ್ತಿಗೆ ಮೋಡ ಕಟ್ಟುತ್ತಿದೆ. ಇನ್ನು ನಾಲ್ಕು ದಿನ ಮಳೆ ತಡೆದರೆ ಎರಡೂ ಒಣಗುತ್ತವೆ.