ಎರಡು ಬಣ ಸೇರಿಸಿ ಒಂದೇ ಸೈನ್ಯ ಮಾಡಬಹುದಾ?

ಈ ಆಟಕ್ಕೆ ಹೊಸದಾಗಿ ಬಂದವರು ನನ್ನ ಗಾಜಿನ ಕಪಾಟಿನ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ ಬೆಲೆಯದ್ದು. ಎರಡನೆಯದು ಇದು: "ಅಣ್ಣ, ಇದರಲ್ಲಿ ಸ್ವಲ್ಪ, ಅದರಲ್ಲಿ ಸ್ವಲ್ಪ ತಗೊಂಡು ಒಂದೇ ಸೈನ್ಯ ಮಾಡ್ಕೋಬಹುದಾ?"

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಆಡುವುದು ವಾರ್‌ಹ್ಯಾಮರ್ 40,000. ಸುಮಾರು ಮೂರು ಸೆಂಟಿಮೀಟರ್ ಎತ್ತರದ ಪ್ಲಾಸ್ಟಿಕ್ ಸೈನಿಕರನ್ನು ನಾವೇ ಅಂಟಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಇಂಚುಪಟ್ಟಿ, ಡೈಸ್ ಹಿಡಿದು ಆಡುವ ಯುದ್ಧದಾಟ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಇದನ್ನು 1987ರಲ್ಲಿ ಹೊರತಂದಿತು. ಒಂದೊಂದು ಬಣಕ್ಕೂ ತನ್ನದೇ ನಿಯಮ, ತನ್ನದೇ ದೌರ್ಬಲ್ಯ. ಒಂದೊಂದು ಘಟಕಕ್ಕೂ ಇಷ್ಟು ಪಾಯಿಂಟ್ ಅಂತ ಬೆಲೆ. ದೊಡ್ಡ ಆಟ ಅಂದರೆ ಸಾಮಾನ್ಯವಾಗಿ ಇಬ್ಬರಿಗೂ 2,000 ಪಾಯಿಂಟ್.

ನನ್ನ ಉತ್ತರ: ಮಾಡಬಹುದು. ಆದರೆ ಬೆರೆಸುವುದಕ್ಕೆ ಏನಾದರೂ ಬೆಲೆ ತೆರಬೇಕು. ಬಿಟ್ಟಿಯಾಗಿ ಬೆರೆಸಲು ಬಿಟ್ಟಾಗ ಏನಾಯಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ.

2012ರಲ್ಲಿ ಬಂದ ಆರನೇ ಆವೃತ್ತಿಯಲ್ಲಿ ಒಂದು ದೊಡ್ಡ ಕೋಷ್ಟಕ ಇತ್ತು. ಯಾವ ಬಣಕ್ಕೆ ಯಾವ ಬಣ ಎಷ್ಟು ಹತ್ತಿರ ಅನ್ನುವ ಲೆಕ್ಕ. ನಮ್ಮಲ್ಲಿ ಮದುವೆಗೆ ಮುಂಚೆ ಜಾತಕ ಕೂಡಿಸುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಕೆಲವರು 'ಬ್ಯಾಟಲ್ ಬ್ರದರ್ಸ್', ಅಂದರೆ ಒಡಹುಟ್ಟಿದವರ ಹಾಗೆ. ಕೆಲವರು ಅನುಕೂಲಕ್ಕೆ ಮಾತ್ರ ಸ್ನೇಹಿತರು. ಇನ್ನು ಕೆಲವರು ಬೇರೆ ಗತಿಯಿಲ್ಲದೆ ಜೊತೆಯಾದವರು. ಟೈರನಿಡ್‌ಗಳಿಗೆ ಮಾತ್ರ ಯಾರೂ ಇಲ್ಲ. ಸಿಕ್ಕಿದ್ದನ್ನೆಲ್ಲ ತಿನ್ನುವ ಪ್ರಾಣಿಗೆ ನೆಂಟರೆಲ್ಲಿಂದ ಬರಬೇಕು!

ಆ ಕೋಷ್ಟಕದಲ್ಲಿ ನನಗೆ ತುಂಬಾ ಇಷ್ಟವಾದ ನಿಯಮ ಒಂದಿತ್ತು. ಗತಿಯಿಲ್ಲದೆ ಜೊತೆಯಾದ ಎರಡು ಘಟಕಗಳು ಆರು ಇಂಚಿನ ಒಳಗೆ ನಿಂತಿದ್ದರೆ, ಸರದಿಯ ಶುರುವಿನಲ್ಲಿ ಡೈಸ್ ಉರುಳಿಸಬೇಕು. ಒಂದು ಬಿದ್ದರೆ ಆ ಘಟಕ ಆ ಸರದಿ ನಡೆಯುವುದಿಲ್ಲ, ಗುಂಡು ಹಾರಿಸುವುದಿಲ್ಲ. ಶತ್ರುವನ್ನು ಬಿಟ್ಟು ಪಕ್ಕದವನನ್ನೇ ನೋಡುತ್ತಾ ನಿಂತುಬಿಡುತ್ತದೆ. ಎಷ್ಟು ಚಿಕ್ಕ ನಿಯಮ! ಆದರೆ 'ನಿನ್ನ ಮೇಲೆ ನನಗೆ ನಂಬಿಕೆ ಇಲ್ಲ' ಅನ್ನುವುದು ಪುಟಗಟ್ಟಲೆ ಕಥೆ ಓದದೆಯೂ ಮೇಜಿನ ಮೇಲೆ ಕಾಣುತ್ತಿತ್ತು.

ತೊಂದರೆ ಬಂದಿದ್ದು ಒಡಹುಟ್ಟಿದವರಿಂದ. ಅವರಿಗೆ ಯಾವ ದಂಡವೂ ಇರಲಿಲ್ಲ. ಟಾವ್ ಬಣದ ಬಂದೂಕು ಜೋರು, ಮಂತ್ರಶಕ್ತಿ ಇಲ್ಲ. ಎಲ್ಡಾರ್ ಬಣದಲ್ಲಿ ಮಂತ್ರಶಕ್ತಿ ಧಾರಾಳ. ಇಬ್ಬರನ್ನೂ ಸೇರಿಸಿದರೆ ಎಲ್ಡಾರ್ ಮಂತ್ರವಾದಿ ಟಾವ್ ಬಂದೂಕಿಗೆ ಆಶೀರ್ವಾದ ಮಾಡುತ್ತಾನೆ, ಗುಂಡು ತಪ್ಪಿದರೆ ಡೈಸ್ ಮತ್ತೆ ಉರುಳಿಸಬಹುದು. ಜನ ಇದಕ್ಕೆ 'ಟಾವ್‌ಡಾರ್' ಅಂತ ಹೆಸರೇ ಇಟ್ಟರು. ಒಂದು ಬಣದ ದೌರ್ಬಲ್ಯ ಅನ್ನುವುದು ಆಟಕ್ಕೆ ರುಚಿ ಕೊಡುವ ಉಪ್ಪು. ಇಲ್ಲಿ ಅದನ್ನೇ ತೆಗೆದುಬಿಟ್ಟರು.

2017ರ ಎಂಟನೇ ಆವೃತ್ತಿಯಲ್ಲಿ ಕೋಷ್ಟಕವೂ ಹೋಯಿತು. 'ಇಂಪೀರಿಯಂ', ಅಂದರೆ ಈ ಆಟದ ಮನುಷ್ಯರ ಸಾಮ್ರಾಜ್ಯ, ಅನ್ನುವ ಒಂದು ಪದ ಇಬ್ಬರ ನಿಯಮದಲ್ಲೂ ಇದ್ದರೆ ಸಾಕು, ಒಂದೇ ಸೈನ್ಯ. ಜೊತೆಗೆ ಕಮಾಂಡ್ ಪಾಯಿಂಟ್ ಅಂತ ಬಂತು. ಖರ್ಚು ಮಾಡಿದರೆ ವಿಶೇಷ ಚಮತ್ಕಾರ ಮಾಡಬಹುದು. ಎಷ್ಟು ತುಕಡಿ ತುಂಬಿಸುತ್ತೀರೋ ಅಷ್ಟು ಜಾಸ್ತಿ ಕಮಾಂಡ್ ಪಾಯಿಂಟ್. ಇಲ್ಲೇ ಹುಟ್ಟಿದ್ದು 'ಲಾಯಲ್ 32'.

ಲೆಕ್ಕ ನೋಡಿ. ಇಂಪೀರಿಯಲ್ ಗಾರ್ಡ್, ಅಂದರೆ ಸಾಮಾನ್ಯ ಮನುಷ್ಯ ಸೈನಿಕರ ಬಣದ ಇಬ್ಬರು ಕಮಾಂಡರ್‌ಗಳು, ತಲಾ 30 ಪಾಯಿಂಟ್. ಹತ್ತು ಹತ್ತು ಸೈನಿಕರ ಮೂರು ತಂಡ, ತಲಾ 40. ಒಟ್ಟು 32 ಜನ, 180 ಪಾಯಿಂಟ್. 2018ರ ತಿದ್ದುಪಡಿ ಆದಮೇಲೆ ಇಷ್ಟಕ್ಕೇ ಐದು ಕಮಾಂಡ್ ಪಾಯಿಂಟ್ ಸಿಗುತ್ತಿತ್ತು. ಸಾಲದ್ದಕ್ಕೆ, ಖರ್ಚಾದ ಕಮಾಂಡ್ ಪಾಯಿಂಟನ್ನು ಡೈಸ್ ಉರುಳಿಸಿ ವಾಪಸ್ ಪಡೆಯುವ ದಾರಿಯೂ ಗಾರ್ಡ್ ಕಮಾಂಡರ್‌ಗೆ ಇತ್ತು. ಆ ಪಾಯಿಂಟನ್ನೆಲ್ಲ ಉಡಾಯಿಸುವುದು ಮಾತ್ರ ಬೇರೆ ಬಣದ ನೈಟ್ ಅನ್ನುವ ದೈತ್ಯ ಯಂತ್ರ. ದುಡಿಯೋನು ಒಬ್ಬ, ಉಣ್ಣೋನು ಇನ್ನೊಬ್ಬ.

ನಾನೂ ಮಾಡಿದೆ, ಸುಳ್ಳು ಯಾಕೆ ಹೇಳಲಿ. ನನ್ನ ಕೆಂಪು ಬ್ಲಡ್ ಏಂಜಲ್ಸ್ ಸೈನ್ಯಕ್ಕೆ ಜೊತೆಯಾಗಲಿ ಅಂತ 32 ಜನರನ್ನು ಎರಡು ವಾರ ರಾತ್ರಿ ಕೂತು ಅಂಟಿಸಿದೆ. ಕೋಟ್‌ಗೆ ಕಂದು, ಹೆಲ್ಮೆಟ್‌ಗೆ ಹಸಿರು. ಕೊನೆಯ ತಂಡದ ಹೊತ್ತಿಗೆ ಕಣ್ಣು ಬರೆಯುವುದನ್ನೇ ಬಿಟ್ಟಿದ್ದೆ. ಆಟದ ದಿನ ಎಲ್ಲರನ್ನೂ ಹಿಂದಿನ ಮೂಲೆಯಲ್ಲಿ ನಿಲ್ಲಿಸಿದೆ. ಐದು ಸರದಿ ಮುಗಿಯುವವರೆಗೂ ಅವರು ಅಲ್ಲೇ. ಗೆದ್ದೆ. ಎದುರಿಗಿದ್ದ ಗೆಳೆಯ ಮೂಲೆಯ ಕಡೆ ಕೈ ತೋರಿಸಿ, "ಇವರೇನು, ಆರ್ಕೆಸ್ಟ್ರಾ ನೋಡೋಕೆ ಬಂದಿದ್ರಾ?" ಅಂದ. ಉತ್ತರ ಇರಲಿಲ್ಲ. ಯಾಕೆಂದರೆ ಪಕ್ಕದ ಟೇಬಲ್ಲಿನ ಮೂಲೆಯಲ್ಲೂ ಅದೇ 32 ಜನ ನಿಂತಿದ್ದರು.

ಬೆರೆಸಲು ಬಿಟ್ಟರೆ ಸೈನ್ಯಗಳಲ್ಲಿ ವೈವಿಧ್ಯ ಜಾಸ್ತಿ ಆಗುತ್ತೆ ಅಂತ ನಮಗನ್ನಿಸುತ್ತೆ, ಅಲ್ವಾ? ಆಗಿದ್ದು ಉಲ್ಟಾ. ಲಾಭದ ಬೆರಕೆ ಯಾವುದು ಅಂತ ಗೊತ್ತಾದ ಕೂಡಲೇ ಎಲ್ಲರೂ ಅದನ್ನೇ ಹಿಡಿದರು.

2020ರ ಒಂಬತ್ತನೇ ಆವೃತ್ತಿ ಇದನ್ನು ತಿರುಗಿಸಿತು. 2,000 ಪಾಯಿಂಟಿನ ಆಟಕ್ಕೆ ಎಲ್ಲರಿಗೂ ಮೊದಲೇ 12 ಕಮಾಂಡ್ ಪಾಯಿಂಟ್. ಹೊರಗಿನವರ ತುಕಡಿ ಬೇಕಾ, ಅದರಲ್ಲೇ ಕಳೆಯಿರಿ. ಮೂಲೆಯ ಮೂವತ್ತೆರಡು ಜನ ರಾತ್ರೋರಾತ್ರಿ ಮಾಯ. 2023ರ ಹತ್ತನೇ ಆವೃತ್ತಿ ಇನ್ನೂ ಬಿಗಿ ಮಾಡಿತು. ಸೈನ್ಯಕ್ಕೆ ಒಂದೇ ಬಣ, ಬೆರಳೆಣಿಕೆಯ ವಿನಾಯಿತಿ. ಇಂಪೀರಿಯಂ ಸೈನ್ಯಕ್ಕೆ ಒಂದು ದೊಡ್ಡ ನೈಟ್, ಇಲ್ಲವೇ ಮೂರರವರೆಗೆ ಆರ್ಮಿಜರ್ ಅನ್ನುವ ಚಿಕ್ಕ ನೈಟ್‌ಗಳು ಬರಬಹುದು. ಆದರೆ ಬಂದವರಿಗೆ ಮನೆಯವರ ಸವಲತ್ತು ಇಲ್ಲ. ನನ್ನ ಬ್ಲಡ್ ಏಂಜಲ್ಸ್ ಥರದ ಸ್ಪೇಸ್ ಮರೀನ್‌ಗಳು ಒಂದು ಗುರಿಯ ಮೇಲೆ ಶಪಥ ಮಾಡಿ ತಪ್ಪಿದ ಡೈಸ್ ಮತ್ತೆ ಉರುಳಿಸಿಕೊಳ್ಳುತ್ತಾರೆ. ಪಕ್ಕದಲ್ಲೇ ನಿಂತ ನೈಟ್‌ಗೆ ಆ ಶಪಥ ಅನ್ವಯಿಸುವುದಿಲ್ಲ. ನನ್ನ ಮಟ್ಟಿಗೆ ಇದು ಸರಿಯಾದ ಹದ. ಸ್ವಲ್ಪ ಜಾಸ್ತಿಯೇ ಬಿಗಿ ಅನ್ನುವವರೂ ಇದ್ದಾರೆ.

ಬೆರೆಸಿದರೆ ಬೆಲೆ ತೆರಬೇಕು ಅನ್ನುವುದನ್ನು ಐತಿಹಾಸಿಕ ಯುದ್ಧದಾಟಗಳವರು ಮೊದಲೇ ಕಂಡುಕೊಂಡಿದ್ದರು. ಪ್ರಾಚೀನ ಮತ್ತು ಮಧ್ಯಯುಗದ ಯುದ್ಧಗಳ 'ಡಿಬಿಎಂ' ನಿಯಮಗಳಲ್ಲಿ ಮಿತ್ರ ಸೇನಾಪತಿಗೆ ಮೊದಲ ಸರದಿಯಲ್ಲಿ ಒಂದು ಬಿದ್ದರೆ ಅವನು ನಂಬಿಕಸ್ಥನಲ್ಲ. ಯುದ್ಧ ಯಾವ ಕಡೆ ವಾಲುತ್ತೆ ಅಂತ ನೋಡುತ್ತಾ ಕೂರುತ್ತಾನೆ. ನಮಗಿದು ಹೊಸದೇನಲ್ಲ. 1565ರಲ್ಲಿ ರಕ್ಕಸಗಿ-ತಂಗಡಗಿಯಲ್ಲಿ ವಿಜಯನಗರದ ಎದುರು ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್ ಒಟ್ಟಿಗೆ ನಿಂತವು. ಅದಕ್ಕೆ ಕೆಲವೇ ವರ್ಷ ಹಿಂದೆ ಇದೇ ಬಿಜಾಪುರ ವಿಜಯನಗರದ ಜೊತೆ ಸೇರಿ ಅಹ್ಮದ್‌ನಗರದ ಮೇಲೆ ಹೋಗಿತ್ತು. ಆ ಕೂಟದ ಸೈನ್ಯವನ್ನು ಮೇಜಿನ ಮೇಲೆ ಇಡುವವರು ಡೈಸ್ ಇಲ್ಲದೆ ಹೇಗೆ ಇಡುತ್ತಾರೆ ಹೇಳಿ!

ಸರಿ, ನೀವು ಏನು ಮಾಡಬೇಕು? ಮೊದಲು ಒಂದೇ ಬಣದಲ್ಲಿ 1,000 ಪಾಯಿಂಟ್ ಕಟ್ಟಿ ಹತ್ತು ಆಟ ಆಡಿ. ಅದಕ್ಕೆ ಏನು ಬರುವುದಿಲ್ಲ ಅಂತ ಗೊತ್ತಾಗಲಿ. ಆಮೇಲೆ ಅತಿಥಿಯನ್ನು ಕರೆಯಿರಿ. ಮನೆಯಲ್ಲಿ ಗೆಳೆಯರ ಜೊತೆ ಆಡುವಾಗ ನಿಯಮದ ಭಯ ಬೇಡ. ಇಬ್ಬರೂ ಒಪ್ಪಿದರೆ ಯಾರನ್ನು ಬೇಕಾದರೂ ಸೇರಿಸಿ. ಆ ಹಳೆಯ ಆರು ಇಂಚಿನ ಡೈಸ್ ಮಾತ್ರ ಇಟ್ಟುಕೊಳ್ಳಿ, ಮಜಾ ಬರುತ್ತೆ.

ಇನ್ನೊಂದು, ಇದು ನಿಯಮಪುಸ್ತಕದಲ್ಲಿ ಇಲ್ಲದ್ದು. ಎರಡು ಬಣ ಒಂದೇ ಸೈನ್ಯದ ಹಾಗೆ ಕಾಣಬೇಕಾದರೆ ಅಂಗಿಯ ಬಣ್ಣ ಒಂದೇ ಮಾಡಲು ಹೋಗಬೇಡಿ. ಕಾಲಡಿಯ ಬೇಸ್ ಒಂದೇ ಮಾಡಿ. ನಾನು ಹೂಕುಂಡದ ಕೆಂಪು ಮಣ್ಣನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಅಂಟಿಸುತ್ತೇನೆ. ಆ ಜಾಲರಿಯ ವಿಷಯ ಮನೆಯಲ್ಲಿ ಗೊತ್ತಾದ ದಿನದ ಕಥೆ ಬೇರೆಯೇ ಇದೆ.

ಆ 32 ಜನ ಈಗಲೂ ಇದ್ದಾರೆ. ಎರಡು ಟ್ಯಾಂಕ್, ಫಿರಂಗಿ ತಂಡ ಸೇರಿ ಅವರೇ ಒಂದು ಪೂರ್ತಿ ಸೈನ್ಯ ಆಗಿದ್ದಾರೆ. ಹೋದ ತಿಂಗಳು ಅವರ ಜೊತೆಗೆ ಒಂದು ಆರ್ಮಿಜರ್ ಬಂತು. ಬಣ್ಣ ಇನ್ನೂ ಅರ್ಧ ಆಗಿದೆ, ಬೇಸ್‌ಗೆ ಕೆಂಪು ಮಣ್ಣು ಮಾತ್ರ ಅಂಟಿಸಿ ಆಗಿದೆ.